ಬಳೆಗಾರನ ಎರಡು ಹಾಡು

"ಅಮ್ಮಾ, ಬಳುಕುವ ಸೊಂಟವನ್ನು ಹೊಗಳುವ ಹಾಡುಗಳನ್ನು ನೀವು ನಿಲ್ಲಿಸಿದಿರಿ, ಸರಿ. ಮೈ ತುಂಬಿದವಳೇ ಚೆಲುವೆ ಎನ್ನುವ ಈ ಹಾಡನ್ನೂ ಏಕೆ ನಿಲ್ಲಿಸಿದಿರಿ?"

ಕೇಳಿದವಳು ತಾರಿಣಿ. ಎಲ್ಲರೂ ಅಮ್ಮಾ ಎಂದು ಕರೆಯುವ ಗುರುಗಳ ಸಂಗೀತಶಾಲೆಯಲ್ಲಿ ಹನ್ನೊಂದು ವರ್ಷ ಕಲಿತು, ಈಗ ಅಲ್ಲಿಯೇ ಚಿಕ್ಕ ಮಕ್ಕಳಿಗೆ ಕಲಿಸುತ್ತಿದ್ದಳು. ವಾರ್ಷಿಕೋತ್ಸವಕ್ಕೆಂದು ಹತ್ತು ಹುಡುಗಿಯರಿಗೆ ಈ ವರ್ಷ ಎಲ್ಲರ ಬಾಯಲ್ಲಿರುವ ಹಾಡೊಂದನ್ನು ಅಭ್ಯಾಸ ಮಾಡಿಸುತ್ತಿದ್ದಳು. ಗುರುಗಳು ಬಾಗಿಲಲ್ಲಿ ನಿಂತು ಎರಡು ಸಾಲು ಕೇಳಿದರು. ಒಳಗೆ ಬಂದು ಹಾಡನ್ನು ನಿಲ್ಲಿಸಿದರು. ಮಕ್ಕಳನ್ನು ಮನೆಗೆ ಕಳಿಸಿದರು.

"ಹಾಡಿನ ಮಾತನ್ನು ಹೇಳು," ಎಂದರು ಗುರುಗಳು. "ರಾಗ ಬೇಡ. ಪಾಠ ಓದುವಂತೆ ಓದು."

ತಾರಿಣಿ ಓದಿದಳು. "ಸೊಂಟ ಇದ್ದರೆ ಹಂಡೆಯ ಹಾಗಿರಬೇಕು. ಕಡ್ಡಿ ಹುಡುಗಿ, ನೀ ಬೇಲಿಗೆ ಸೈ..." ಮೂರನೆಯ ಸಾಲಿಗೆ ಅವಳ ದನಿ ತಗ್ಗಿತು. ನಾಲ್ಕನೆಯದನ್ನು ರಾಗವಿಲ್ಲದೆ ಹಿರಿಯರ ಮುಂದೆ ಹೇಳಲು ಅವಳಿಂದ ಆಗಲಿಲ್ಲ.

"ನಿನಗೆ ಬಾಯಿ ಬರಲಿಲ್ಲ. ಹತ್ತು ವರ್ಷದ ಮಕ್ಕಳ ಬಾಯಲ್ಲಿ ಇದನ್ನು ಇಟ್ಟಿದ್ದೀಯೆ."

"ಸಾಹಿತ್ಯ ಒರಟೇ, ಅಮ್ಮಾ, ಒಪ್ಪಿದೆ. ಆದರೆ ನನ್ನನ್ನು ನೋಡಿ. ಶಾಲೆಯಲ್ಲಿ ನನ್ನನ್ನು ಡ್ರಮ್ಮು ಎಂದು ಕರೆದರು. ಒಂದು ದಿನವೂ ಮುಂದಿನ ಸಾಲಿನಲ್ಲಿ ನಿಲ್ಲಿಸಲಿಲ್ಲ. ಇಷ್ಟು ವರ್ಷದ ಮೇಲೆ ನಮ್ಮಂಥವರ ಕಡೆಗೆ ಒಂದು ಹಾಡು ಬಂದಿದೆ. ತೆಳ್ಳಗಿರುವವರೂ ಒಂದು ಸಲ ಬೈಸಿಕೊಳ್ಳಲಿ ಬಿಡಿ! ಹೊಗಳಿಕೆಯಿಂದ ಯಾರಾದರೂ ಸತ್ತಿದ್ದಾರೆಯೇ?"

"ಸತ್ತಿದ್ದಾರೆ," ಎಂದರು ಗುರುಗಳು. "ಕೂತುಕೋ."

ಗುರುಗಳು ಹೇಳಿದ ಕತೆ ಇದು.

ಒಬ್ಬ ಬಳೆಗಾರನಿದ್ದ. ಬಳೆಯ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಊರೂರು ತಿರುಗುತ್ತಿದ್ದ. ಯಾರನ್ನೂ ಅವನು ಅಳತೆ ಕೇಳುತ್ತಿರಲಿಲ್ಲ. ಕೈಯನ್ನು ಹಿಡಿದು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ. ಅಷ್ಟರಿಂದಲೇ ತಿಳಿಯುತ್ತಿತ್ತು. ಅವನ ತಂದೆ ಇನ್ನೂ ಒಂದನ್ನು ಕಲಿಸಿದ್ದ. ಬಸುರಿಯ ಕೈಯನ್ನು ಒತ್ತಿದಾಗ ಬಿದ್ದ ಕುಳಿ ಕೂಡಲೇ ಏಳದಿದ್ದರೆ ಅದು ಮೈ ತುಂಬಿದ್ದಲ್ಲ, ಬಾವು. ಅಂಥವಳಿಗೆ ಬಳೆ ತೊಡಿಸಬಾರದು. ಸೂಲಗಿತ್ತಿಯನ್ನು ಕರೆಸಿ ಎಂದು ಮನೆಯವರಿಗೆ ಹೇಳಿ ಎದ್ದು ಬರಬೇಕು. ಹಾಗೆ ಹೇಳಿ ಅವನು ಇಬ್ಬರನ್ನು ಉಳಿಸಿದ್ದ.

ಅವನಿಗೆ ಒಳ್ಳೆಯ ಕಂಠವಿತ್ತು. ಬಳೆ ಗೆಣ್ಣು ದಾಟುವಾಗ ನೋವಾಗುತ್ತದೆ. ಆ ನೋವು ಮರೆಯಲಿ ಎಂದು ಹಾಡುತ್ತಿದ್ದ. ಅವನೇ ಕಟ್ಟಿದ ಒಂದು ಹಾಡು ಸುತ್ತಲ ಊರುಗಳಲ್ಲಿ ಹಬ್ಬಿತು. ತಾವರೆಯ ದಂಟಿನಂಥ ಕೈಯವಳೇ, ಬಳೆ ತಾನಾಗಿ ಜಾರಿತು ನೋಡೇ ಎಂಬ ಹಾಡು ಅದು. ಅದನ್ನು ಕೇಳಿದ ಮೇಲೆ ದಪ್ಪ ಕೈಯ ಹೆಂಗಸರು ಚಿಕ್ಕ ಬಳೆ ಕೇಳತೊಡಗಿದರು. ಗೆಣ್ಣು ಸುಲಿಯಿತು. ಗಾಜು ಮುರಿದು ಕೈಗೆ ಹೊಕ್ಕಿತು. ಆದರೂ ಕೇಳುವುದನ್ನು ಬಿಡಲಿಲ್ಲ.

ಒಂದು ದಿನ ಒಕ್ಕಲಿಗನೊಬ್ಬನ ಹೆಂಡತಿ ಅವನ ಮುಂದೆ ತನ್ನ ಕೈ ಚಾಚಿದಳು. "ಏನಪ್ಪಾ ಬಳೆಗಾರ, ಇದು ರಾಗಿ ಬೀಸುವ ಕೈ. ದಂಟಿನ ಕೈಯವಳು ಬೀಸಿದ ಹಿಟ್ಟಿನ ಮುದ್ದೆಯನ್ನು ನೀನು ಎಂದಾದರೂ ಉಂಡಿದ್ದೀಯಾ?"

ಕೂತ ಹೆಂಗಸರೆಲ್ಲ ನಕ್ಕರು. ಬಳೆಗಾರನಿಗೆ ನಾಚಿಕೆಯಾಯಿತು. ತಪ್ಪು ತಿದ್ದಿಕೊಳ್ಳಬೇಕೆಂದು ಇನ್ನೊಂದು ಹಾಡು ಕಟ್ಟಿದ. ತುಂಬಿದ ಕೈಗೇ ಬಳೆ ಚೆಂದ. ಕಡ್ಡಿಯ ಕೈಯಲ್ಲಿ ಬಳೆಯೂ ನಿಲ್ಲದು, ಗಂಡನೂ ನಿಲ್ಲನು. ಇದು ಮೊದಲನೆಯದಕ್ಕಿಂತ ಬೇಗ ಹಬ್ಬಿತು. ಬಾವಿಯ ಕಟ್ಟೆಯಲ್ಲಿ, ಗದ್ದೆಯಲ್ಲಿ ಅದೇ ಹಾಡು. ನ್ಯಾಯ ಮಾಡಿದೆನೆಂದು ಬಳೆಗಾರ ತೃಪ್ತನಾದ.

ಒಂದು ಊರಿನಲ್ಲಿ ನೇಕಾರನ ಸೊಸೆಯೊಬ್ಬಳಿದ್ದಳು. ಅವಳ ಕೈ ಹುಟ್ಟಿನಿಂದಲೇ ಸಣ್ಣ. ಆದರೆ ಅವಳು ಕಪ್ಪಗಿದ್ದಳು, ಬಡವರ ಮನೆಯಿಂದ ಬಂದಿದ್ದಳು. ಮೊದಲ ಹಾಡು ನಡೆದಾಗ ತಾವರೆಯ ದಂಟು ಎಂದು ಅವಳನ್ನು ಯಾರೂ ಕರೆಯಲಿಲ್ಲ. ಎರಡನೆಯ ಹಾಡು ಬಂದಾಗ ಮಾತ್ರ ಎಲ್ಲರೂ ಅವಳ ಕಡೆ ತಿರುಗಿದರು. ಗಂಡನೂ ನಿಲ್ಲನು ಎಂಬ ಸಾಲು ಬಂದಾಗ ಅವಳು ಕೈಗಳನ್ನು ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದಳು.

ಅವಳು ಬಸುರಿಯಾದಳು. ಎಂಟನೆಯ ತಿಂಗಳಿನಲ್ಲಿ ಹಸಿರು ಬಳೆ ತೊಡಿಸುವ ಶಾಸ್ತ್ರಕ್ಕೆ ಬಳೆಗಾರನನ್ನು ಕರೆಸಿದರು. ಅವನು ಮಲಾರ ಇಳಿಸುವ ಮೊದಲೇ ಅವಳು ಎರಡೂ ಕೈ ಮುಂದಿಟ್ಟಳು.

"ಅಣ್ಣಾ, ನಿನ್ನ ಹಾಡು ಇವತ್ತು ನನಗೂ ಸಲ್ಲುತ್ತದೆ, ನೋಡು. ನನ್ನ ಕೈಯೂ ತುಂಬಿದೆ."

ಹೌದು, ಕೈ ತುಂಬಿತ್ತು. ಗೆಣ್ಣುಗಳೇ ಕಾಣುತ್ತಿರಲಿಲ್ಲ. ನೆರೆದ ಹೆಂಗಸರು ಹಾಡು ಎತ್ತಿದರು. ಬಳೆಗಾರನೂ ದನಿಗೂಡಿಸಿ ಅವಳ ಕೈ ಹಿಡಿದು ಹೆಬ್ಬೆರಳಿನಿಂದ ಒತ್ತಿದ. ಕುಳಿ ಬಿತ್ತು. ಅದು ಏಳಲಿಲ್ಲ. ಅವನು ಅದನ್ನು ನೋಡಿದ. ಅವನ ದನಿ ನಿಂತಿತು.

"ಏನಯ್ಯಾ, ನಿನ್ನ ಹಾಡೇ ನಿನಗೆ ಮರೆಯಿತೇ?" ಎಂದು ಒಬ್ಬಳು ಕೂಗಿದಳು. ಎಲ್ಲರೂ ನಕ್ಕರು. ಸೊಸೆ ಎಲ್ಲರಿಗಿಂತ ಹೆಚ್ಚು ನಕ್ಕಳು. ಹಾಡು ಮುಗಿಯಲಿ, ಆಮೇಲೆ ಹೇಳೋಣ ಎಂದುಕೊಂಡು ಬಳೆಗಾರ ಮುಂದಿನ ಸಾಲು ಹಿಡಿದ. ದೊಡ್ಡ ಬಳೆಗಳನ್ನೇ ಆರಿಸಿ ತೊಡಿಸಿದ. ಹಾಡು ಮುಗಿಯಿತು. ಹೆಂಗಸರು ಇನ್ನೊಂದು ಸಲ ಎಂದರು. ಇನ್ನೊಂದು ಸಲವೂ ಆಯಿತು. ಊಟಕ್ಕೆ ಎಲೆ ಹಾಕಿದರು. ಬಳೆಗಾರ ಉಂಡ, ಎಲೆಅಡಿಕೆ ಹಾಕಿಕೊಂಡ, ಮುಂದಿನ ಊರಿಗೆ ನಡೆದ.

ಮರುದಿನ ಮಧ್ಯಾಹ್ನ ಆ ಸೊಸೆಗೆ ಕಣ್ಣು ಕತ್ತಲಿಟ್ಟಿತು. ಸೂಲಗಿತ್ತಿ ಓಡಿ ಬಂದು, ತಲೆನೋವು ಎಷ್ಟು ದಿನದಿಂದ ಎಂದು ಕೇಳಿದಳು. ಸೊಸೆ ನಾಲ್ಕು ಬೆರಳು ತೋರಿಸಿದಳು. ಆಮೇಲೆ ಮೈ ಸೆಟೆದುಕೊಂಡಿತು. ಬಾವು ಏರಿ ಬಳೆಗಳು ಮಾಂಸಕ್ಕೆ ಹೂತುಹೋಗಿದ್ದವು. ಒಂದೊಂದಾಗಿ ಒಡೆದು ತೆಗೆದರು. ಸಂಜೆಗೆ ಅವಳು ಸತ್ತಳು. ಕೂಸೂ ಉಳಿಯಲಿಲ್ಲ.

ಸುದ್ದಿ ತಿಳಿದು ಬಳೆಗಾರ ಬಂದು ಅಂಗಳದಲ್ಲಿ ನಿಂತ. ಸತ್ತವಳ ಅತ್ತೆ, ನೇಕಾರನ ಹೆಂಡತಿ, ಹೊರಗೆ ಬಂದಳು.

"ನಿನ್ನ ಕೈಗೆ ಗೊತ್ತಾಗಲಿಲ್ಲವೇನೋ?"

"ಗೊತ್ತಾಯಿತು, ತಾಯಿ. ಹಾಡು ನಡೆದಿತ್ತು."

ಗುರುಗಳು ಕತೆ ನಿಲ್ಲಿಸಿದರು.

"ಅವನು ಪಾಪಿ, ಅಮ್ಮಾ. ಅವನ ಮಾತು ಬೇಡ. ಆದರೆ ಅವಳು? ನಾಲ್ಕು ದಿನ ತಲೆ ಸಿಡಿಯುತ್ತಿದ್ದರೂ ಅಷ್ಟು ಹೆಂಗಸರ ನಡುವೆ ಕೂತು ಒಂದು ಮಾತು ಹೇಳಲಿಲ್ಲವಲ್ಲ, ಏಕೆ?"

"ಹುಟ್ಟಿದ ಮೇಲೆ ಮೊದಲ ಸಲ ಊರೆಲ್ಲ ಅವಳ ಕೈಯನ್ನು ಹೊಗಳಿ ಹಾಡುತ್ತಿತ್ತು, ನೀನಾಗಿದ್ದರೆ ನಿಲ್ಲಿಸಿ ಎನ್ನುತ್ತಿದ್ದೆಯಾ?"