ದುರ್ಗಪ್ಪನ ಗಂಟು

ಹೊಳೆದಂಡೆಯ ಆಶ್ರಮದಲ್ಲಿ ಶರಣಮ್ಮ ಎಂಬ ಗುರುಮಾತೆ ಇದ್ದರು. ಮಕ್ಕಳಿಗಾಗಿ ಚಿತ್ರಕಥೆ ಬರೆಯುವುದನ್ನು ಶಿಷ್ಯರಿಗೆ ಕಲಿಸುತ್ತಿದ್ದರು.

ಒಂದು ಸಂಜೆ ಶಿಷ್ಯ ಪಾರ್ವತೇಶ ತನ್ನ ಹೊಸ ಕಥೆಯ ಹಾಳೆಗಳನ್ನು ಅವರ ಮುಂದಿಟ್ಟು ಕುಳಿತ. ಕಣ್ಣು ಮಾತ್ರ ಬಾಗಿಲ ಕಡೆಗೇ ಇತ್ತು.

ಇನ್ನೇನು ಊರವರು ಅಂಗಳದಲ್ಲಿ ಸೇರುವ ಹೊತ್ತು. ಎಂಟು ದಿನದ ಹಿಂದೆ, ದಡದಲ್ಲಿ ಕಟ್ಟಿದ್ದ ದೋಣಿ ಬಿಚ್ಚಿಕೊಂಡು, ಅದರಲ್ಲಿ ಆಡುತ್ತಿದ್ದ ಗೌರಿ ಎಂಬ ಮಗುವನ್ನು ಸೆಳವಿಗೆ ಒಯ್ದಿತ್ತು. ಮೀನು ಹಿಡಿಯುವವರು ಈಜಿ ಹೋಗಿ ತಂದರು. ಮಗು ಉಳಿಯಿತು.

ಅಂಬಿಗ ದುರ್ಗಪ್ಪ ಉಳಿಯುವಂತಿರಲಿಲ್ಲ. ಗಂಟು ಸಡಿಲ ಕಟ್ಟಿದನೆಂದು, ಮೂವತ್ತು ವರ್ಷ ಹುಟ್ಟು ಹಾಕಿದವನ ಕೈಯಿಂದ ದೋಣಿ ಕಿತ್ತುಕೊಳ್ಳುವುದೆಂದು ಊರು ಮಾತಾಡಿಕೊಂಡಾಗಿತ್ತು.

ಪಾರ್ವತೇಶನ ಕಥೆಯ ಹೆಸರು 'ಮೈಮರೆತ ಅಂಬಿಗ'. ಅದನ್ನು ಊರವರ ಮುಂದೆ ಓದಿ, ನಾಳೆ ಅಚ್ಚಿಗೆ ಕಳಿಸಬೇಕಿತ್ತು.

ಶರಣಮ್ಮ ಚಿತ್ರದ ಚೌಕಗಳನ್ನು ಒಂದೊಂದಾಗಿ ನೋಡಿದರು. ಮೂರನೆಯದರಲ್ಲಿ ದುರ್ಗಪ್ಪ ಆಕಳಿಸುತ್ತ ದೋಣಿ ಕಟ್ಟುತ್ತಿದ್ದ. ನಾಲ್ಕನೆಯದರಲ್ಲಿ ಬರೀ ಹಗ್ಗದ ಗಂಟು. ಐದನೆಯದರಲ್ಲಿ ದೋಣಿ ನಡುಹೊಳೆಯಲ್ಲಿತ್ತು.

"ನಾಲ್ಕನೆಯದು ಚೆನ್ನಾಗಿದೆ. ಗಂಟನ್ನು ಎಳೆ ಎಳೆಯಾಗಿ ತೋರಿಸಿದ್ದೀಯ."

"ನಿಮ್ಮ ಆಶೀರ್ವಾದ, ಅವ್ವಾ."

"ಮೂವತ್ತು ವರ್ಷ ಆ ದೋಣಿ ಹತ್ತಿ ಇಳಿದಿದ್ದೇನೆ. ಮೇಲಿನ ಎರಡು ಸುತ್ತು ಕಂಡಿದ್ದೇನೆ. ಅಡಿಯಲ್ಲಿ ಅಡಗಿರುವ ಈ ಮೂರನೆಯ ಸುತ್ತು ಎಂದೂ ಕಾಣಲಿಲ್ಲ. ನಿನಗೆ ಹೇಗೆ ಕಂಡಿತು?"

"ಊಹಿಸಿದೆ."

ಶರಣಮ್ಮ ಮೂಲೆಯಲ್ಲಿದ್ದ ಬಾವಿಹಗ್ಗವನ್ನು ಅವನ ಮುಂದೆ ಎಸೆದರು.

"ಆ ಕಂಬಕ್ಕೆ ಕಟ್ಟು. ನೀನು ಬರೆದ ಹಾಗೇ."

ಪಾರ್ವತೇಶ ಕಟ್ಟಿದ. ಮೂರು ಸುತ್ತೂ ಬಂದವು. ಶರಣಮ್ಮ ಒಂದೇ ಬೆರಳಲ್ಲಿ ಎಳೆದರು. ಗಂಟು ಸರಕ್ಕನೆ ಜಾರಿತು.

ಹೊರಗೆ ಮಾತು ಕೇಳಿಸಿತು. ಜನ ಬರತೊಡಗಿದ್ದರು.

"ಅವತ್ತೂ ಹೀಗೇ ಜಾರಿತೇ?" ಎಂದರು ಶರಣಮ್ಮ.

ಪಾರ್ವತೇಶ ಜಾರಿದ ಹಗ್ಗವನ್ನು ಕೈಗೆತ್ತಿಕೊಂಡ.

"ಕಣ್ಣಾರೆ ಕಾಣದ್ದನ್ನು ಬರೆಯಬೇಡ ಅಂತ ನೀವೇ ಕಲಿಸಿದ್ದು, ಅವ್ವಾ. ಗಂಟಿನ ಒಳಗು ನೋಡಬೇಕಿತ್ತು, ಬಿಚ್ಚಿದೆ. ಮತ್ತೆ ಕಟ್ಟಿಯೇ ಬಂದೆ. ಮಗು ಬಂದು ಹತ್ತುತ್ತದೆ ಅಂತ ಕನಸಿನಲ್ಲೂ..."

"ನೋಡು ಎಂದೆ, ತಮ್ಮಾ. ಕಟ್ಟಲು ಬರದಿದ್ದರೆ ಕಟ್ಟಿದವನನ್ನು ಕೂಗು ಅಂತಲೂ ಹೇಳಬೇಕಿತ್ತೇ?"

ಅಂಗಳದಲ್ಲಿ ಯಾರೋ ನಗೆಯಾಡಿದರು. "ಏನ್ ದುರ್ಗಪ್ಪಾ, ಇವತ್ತಾದರೂ ಎಚ್ಚರ ಇದ್ದೀಯೋ ಇಲ್ಲವೋ?" ನಾಲ್ಕು ಜನ ನಕ್ಕರು.

ಪಾರ್ವತೇಶ ಕಿಟಕಿಯಿಂದ ಇಣುಕಿದ. ದುರ್ಗಪ್ಪ ಒಳಗೆ ಬರದೆ, ಎಲ್ಲರೂ ಚಪ್ಪಲಿ ಬಿಟ್ಟ ಜಾಗದಲ್ಲಿಯೇ ಕುಳಿತಿದ್ದ. ಒಪ್ಪಿಸಿಬಿಡಲೆಂದು ಹುಟ್ಟನ್ನೂ ತಂದಿದ್ದ. ಅದು ಅವನ ತೊಡೆಯ ಮೇಲೆ ಅಡ್ಡ ಮಲಗಿತ್ತು.

ಶರಣಮ್ಮ ಒಂದು ಖಾಲಿ ಹಾಳೆ ತೆಗೆದು ಅದರ ಮೇಲೆ ಚೌಕವೊಂದನ್ನು ಗೀಚಿದರು. ನಾಲ್ಕು ಮತ್ತು ಐದನೆಯ ಚೌಕಗಳ ನಡುವೆ ಇಟ್ಟರು.

"ಇಲ್ಲಿ ಒಂದು ಬಿಟ್ಟುಹೋಗಿದೆ."

"ಎರಡು ಚೌಕದ ನಡುವಿನದನ್ನು ಓದುವವರೇ ತುಂಬಿಕೊಳ್ಳುತ್ತಾರೆ ಅಂದಿದ್ದಿರಿ." ಎಂದ ಪಾರ್ವತೇಶ.

"ತುಂಬಿಕೊಂಡಿದ್ದಾರೆ. ಅಂಗಳ ನೋಡು, ಊರೆಲ್ಲ ತುಂಬಿಕೊಂಡೇ ಬಂದಿದೆ."

"ಬಿಚ್ಚಿದ್ದು ನಾನೇ ಅಂದರೆ ಗೌರಿಯ ಅಪ್ಪ ಸುಮ್ಮನಿರುತ್ತಾನೆಯೇ? ನಾಳೆಯಿಂದ ಊರ ಮಕ್ಕಳು ನನ್ನ ಕಥೆ ಮುಟ್ಟುತ್ತಾರೆಯೇ?"

ಶರಣಮ್ಮ ಪೆನ್ಸಿಲನ್ನು ಅವನ ಕಡೆ ತಳ್ಳಿದರು.

"ಓದ್ರಪ್ಪ ಕಥೆ, ಹೊತ್ತಾಯಿತು!" ಎಂದು ಹೊರಗಿನಿಂದ ಕೂಗು ಬಂತು.

ಪಾರ್ವತೇಶ ಬರೆದ. ಬಿಚ್ಚಿದ ಹಗ್ಗ. ಹಗ್ಗದ ತುದಿಯಲ್ಲಿ ಒಂದು ಕೈ. ಕೈಗೆ ಒಂದು ಮುಖ. ಆ ಮುಖ ತನ್ನದೇ ಎಂದು ಗುರುತು ಹತ್ತುವಷ್ಟು ಬರೆಯುವುದಕ್ಕೆ ಮೂರು ಸಲ ಅಳಿಸಬೇಕಾಯಿತು. ಆಮೇಲೆ ಬಾಯಿಯ ಪಕ್ಕ ಮಾತಿನ ಗುಳ್ಳೆಯನ್ನು ಎಳೆದ. ಅಲ್ಲಿಗೆ ಕೈ ನಿಂತಿತು.

"ಅವ್ವಾ, ಗುಳ್ಳೆಯೊಳಗೆ ಏನು ಬರೆಯಲಿ?"

ಶರಣಮ್ಮ ಎದ್ದು ಬಾಗಿಲು ತೆರೆದರು.

"ಖಾಲಿ ಬಿಡು. ಹೊರಗೆ ಹೋಗಿ ಬಾಯಿಂದ ತುಂಬು."