ಚೌಡಕ್ಕನ ಗಾಡಿಯ ಕಡಾಣಿ

ಗಾಡಿ ನಿಲ್ಲಿಸಿದ ಕೂಡಲೇ ಎಡಗಾಲಿಯ ಕಡಾಣಿ ಕಿತ್ತು ಬಾಯಲ್ಲಿ ಕಚ್ಚಿಕೊಳ್ಳುವ ಮುಳ್ಳುಹಂದಿಯೊಂದು ಒಂದು ಕಾಡಿನಲ್ಲಿತ್ತು. ಅವಳ ಹೆಸರು ಚೌಡಕ್ಕ.

ಕಡಾಣಿ ಎಂದರೆ ಅಚ್ಚಿನ ತುದಿಯ ತೂತಿಗೆ ಸಿಕ್ಕಿಸುವ ಸಣ್ಣ ಮರದ ಗೂಟ. ಅದು ಇದ್ದರೆ ಗಾಲಿ ನಿಲ್ಲುತ್ತದೆ. ಅದಿಲ್ಲದೆ ಗಾಡಿ ಎಳೆದರೆ ನಾಲ್ಕು ಹೆಜ್ಜೆಗೆ ಗಾಲಿ ಕಳಚಿ ಬೀಳುತ್ತದೆ. ಕಡಾಣಿ ತನ್ನ ಬಾಯಲ್ಲಿರುವಷ್ಟು ಹೊತ್ತು ಗಾಡಿಯನ್ನು ಯಾರೂ ಒಯ್ಯಲಾರರು ಎಂದು ಚೌಡಕ್ಕ ನಂಬಿದ್ದಳು.

ಇದರಿಂದ ಒಂದು ತೊಂದರೆಯೂ ಇತ್ತು. ಗಾಡಿ ನಿಂತಿರುವಾಗ ಅವಳಿಗೆ ಮಾತಾಡಲು ಆಗುತ್ತಿರಲಿಲ್ಲ. ಹಳ್ಳದ ಹತ್ತಿರ ಯಾರಾದರೂ "ಊಟ ಆಯ್ತಾ ಚೌಡಕ್ಕ?" ಎಂದರೆ "ಹ್ಞೂಂ" ಎನ್ನುತ್ತಿದ್ದಳು. "ಯಾಕೆ, ಬೇಜಾರಾ?" ಎಂದರೂ "ಹ್ಞೂಂ". ಇವಳಿಗೆ ಜಂಬ ಜಾಸ್ತಿ ಎಂದು ಕೆಲವರು ಅಂದುಕೊಂಡಿದ್ದರು.

ಆ ವರ್ಷ ಬೇಸಿಗೆಯ ಕೊನೆಯಲ್ಲಿ ಅವಳಿಗೆ ನಾಲ್ಕು ಮರಿಗಳಾದವು. ಹಳ್ಳದ ಪಕ್ಕದ ಬಿಲಗಳಿಗೆಲ್ಲ ಮೊದಲ ಮಳೆಗೇ ನೀರು ನುಗ್ಗುತ್ತಿತ್ತು. ಅದಕ್ಕೆ ಮುಂಚೆ ಎಲ್ಲರೂ ಗುಡ್ಡಕ್ಕೆ ಹೋಗಬೇಕು. ಬೇರೆ ತಾಯಂದಿರು ಮರಿಗಳನ್ನು ಬೆನ್ನ ಮೇಲೆ ಹೊತ್ತು ಹೋಗುತ್ತಿದ್ದರು. ಮುಳ್ಳುಹಂದಿಯ ಬೆನ್ನ ಮೇಲೆ ಮರಿ ಕೂರುವುದು ಹೇಗೆ? ಚೌಡಕ್ಕನಿಗೆ ಇದ್ದದ್ದು ಆ ಗಾಡಿ ಒಂದೇ.

ಅದೇ ಸಮಯಕ್ಕೆ ಕಾಡಿನಲ್ಲಿ ಗಾಡಿಗಳು ಕಾಣೆಯಾಗತೊಡಗಿದವು. ಮೊದಲು ಮೊಲ ತಿಪ್ಪೇಶಿಯ ಗಾಡಿ ಹೋಯಿತು. ಆಮೇಲೆ ಮುಂಗುಸಿಯದು. ಎಲ್ಲರಿಗಿಂತ ಜೋರಾಗಿ ಮರುಗಿದವನು ಪುನುಗುಬೆಕ್ಕು ಗಂಧಪ್ಪ.

"ಛೇ ಛೇ! ತಿಪ್ಪೇಶಿ, ನಿನ್ನ ಗಾಡಿ ನೆನೆಸಿಕೊಂಡ್ರೆ ನನಗೆ ಗಂಟಲಲ್ಲಿ ಹಣ್ಣೇ ಇಳಿಯಲ್ಲ" ಎಂದು ಅವನು ಮೂರನೇ ಹಣ್ಣು ತಿನ್ನುತ್ತ ಹೇಳಿದ.

ಒಂದು ಬೆಳಿಗ್ಗೆ ಚೌಡಕ್ಕ ಹಳ್ಳದ ದಡದಲ್ಲಿ ಗಾಡಿ ನಿಲ್ಲಿಸಿ, ಕಡಾಣಿ ಕಚ್ಚಿಕೊಂಡು ನೀರು ತುಂಬುತ್ತಿದ್ದಳು. ಗಂಧಪ್ಪ ಹತ್ತಿರ ಬಂದ.

"ಏನು ಚೌಡಕ್ಕ, ನಾಲ್ಕು ಮರಿಯಂತೆ! ಯಾವುದಕ್ಕೆ ನಿನ್ನ ಮೂಗು ಬಂದಿದೆ?"

"ಹ್ಞೂಂ."

"ಹ್ಞೂಂ ಅಂದ್ರೆ ನಾಲ್ಕಕ್ಕೂನಾ? ಕೊಡು ಆ ಕಡ್ಡೀನ. ಎರಡು ನಿಮಿಷ ನಾನು ಹಿಡ್ಕೊಂಡಿರ್ತೀನಿ. ಎಲ್ಲಿಗೂ ಹೋಗಲ್ಲಮ್ಮ, ನಿನ್ನ ಕಣ್ಣ ಮುಂದೆಯೇ ಇರ್ತೀನಿ."

ಮರಿಗಳಾದ ಮೇಲೆ ಅವುಗಳ ಬಗ್ಗೆ ಅವಳನ್ನು ಯಾರೂ ಅಷ್ಟು ವಿಚಾರಿಸಿರಲಿಲ್ಲ. ಚೌಡಕ್ಕ ಕಡಾಣಿ ಕೊಟ್ಟಳು. ಮಾತು ಶುರುವಾಯಿತು. ದೊಡ್ಡವಳು ಎದ್ದ ಕೂಡಲೇ ಸೀನುತ್ತಾಳೆ. ಎರಡನೆಯವನು ಬೇರು ಕೊಟ್ಟರೆ ಮೂಸಿ ನೋಡಿ ತಮ್ಮನಿಗೆ ದಾಟಿಸುತ್ತಾನೆ. ಕೊನೆಯದಕ್ಕೆ ಮುಳ್ಳು ಇನ್ನೂ ಗಟ್ಟಿಯಾಗಿಲ್ಲ, ಆದರೆ ಹೆದರಿಸಲು ಬರುತ್ತದೆ. ಗಂಧಪ್ಪ "ಹೌದಾ! ಹೌದಾ!" ಎನ್ನುತ್ತಿದ್ದ. ಬೆನ್ನ ಹಿಂದೆ ಅವನು ಕಡಾಣಿಯನ್ನು ಒಂದು ಕಡ್ಡಿಯ ಪಕ್ಕ ಇಟ್ಟು, ಉದ್ದಕ್ಕೊಂದು, ದಪ್ಪಕ್ಕೊಂದು ಎಂದು ಉಗುರಿನ ಗುರುತು ಮಾಡಿಕೊಂಡ. ಚೌಡಕ್ಕನಿಗೆ ಅದು ಕಾಣಲಿಲ್ಲ. ಮಾತು ಮುಗಿದಾಗ ಅವನು ಕಡಾಣಿ ವಾಪಸು ಕೊಟ್ಟ.

ಮನೆಗೆ ಬಂದು ಗಾಡಿ ನಿಲ್ಲಿಸಿ ಕಡಾಣಿ ಬಾಯಿಗಿಟ್ಟಾಗ ಅವಳಿಗೆ ವಾಕರಿಕೆ ಬಂತು. ಥೂ ಎಂದು ಉಗುಳಿದಳು.

"ಅಮ್ಮಾ, ಏನದು ವಾಸನೆ?" ಎಂದಳು ದೊಡ್ಡ ಮರಿ. ಹೇಳಿ ಸೀನಿದಳು.

ಚೌಡಕ್ಕ ಕಡಾಣಿಯನ್ನು ತಿರುಗಿಸಿ ತಿರುಗಿಸಿ ಮೂಸಿದಳು. ಪುನುಗಿನ ವಾಸನೆ. ಸುಮ್ಮನೆ ಕೈಯಲ್ಲಿ ಹಿಡಿದರೆ ಇಷ್ಟು ಹತ್ತುವುದಿಲ್ಲ. ಇದು ಮೈ ಉಜ್ಜಿದ ವಾಸನೆ. ಗಂಧಪ್ಪ ಮೈ ಉಜ್ಜುವುದನ್ನು ಅವಳು ಎಷ್ಟೋ ಸಲ ದೂರದಿಂದ ನೋಡಿದ್ದಳು. ತನ್ನ ಮರಕ್ಕೆ ಉಜ್ಜುತ್ತಿದ್ದ. ತನ್ನ ಕಲ್ಲಿಗೆ ಉಜ್ಜುತ್ತಿದ್ದ. ತನ್ನದು ಅನ್ನಿಸಿದ್ದಕ್ಕೆ ಮಾತ್ರ ಉಜ್ಜುತ್ತಿದ್ದ.

ಹಾಗಾದರೆ ನನ್ನ ಕಡಾಣಿ ಅವನದು ಯಾವಾಗ ಆಯಿತು?

ಅವಳು ನೇರವಾಗಿ ಮರಕುಟಿಗನ ಹತ್ತಿರ ಹೋದಳು. ಕಾಡಿನ ಗಾಡಿಗಳ ಕೆಲಸವೆಲ್ಲ ಅವನದೇ. ಎಲ್ಲರೂ ಅವನನ್ನು ಆಚಾರಿ ಎಂದೇ ಕರೆಯುತ್ತಿದ್ದರು.

"ಆಚಾರಿ, ನನ್ನ ಗಾಡಿ ಅಚ್ಚಿನ ತೂತು ದೊಡ್ಡದು ಮಾಡಿಕೊಡಿ."

"ಯಾಕಮ್ಮ? ಚೆನ್ನಾಗಿದೆಯಲ್ಲ. ನಾನೇ ಕೊರೆದದ್ದು."

"ಅದರ ಅಳತೆ ಬೇರೆಯವರಿಗೂ ಗೊತ್ತಾಗಿದೆ."

ಆಚಾರಿ ಒಂದು ಕ್ಷಣ ತಲೆ ಓರೆ ಮಾಡಿ ನೋಡಿದ. "ಯಾರಿಗೆ?"

"ಬಾಯಿಬಿಟ್ಟು ಹೇಳೋಕೆ ನನ್ನ ಹತ್ತಿರ ವಾಸನೆ ಬಿಟ್ಟು ಬೇರೆ ಸಾಕ್ಷಿ ಇಲ್ಲ. ಹಳೇ ಸೈಜಿನ ಕಡಾಣಿ ಹಾಕಿದ್ರೆ ನಿಂತ ಹಾಗೆ ಕಾಣಬೇಕು. ಆದ್ರೆ ನಿಲ್ಲಬಾರದು."

ಆಚಾರಿ ತೂತನ್ನು ಸ್ವಲ್ಪ ಹಿಗ್ಗಿಸಿದ. ಅದಕ್ಕೆ ಸರಿಯಾಗಿ ದಪ್ಪನೆಯ ಹೊಸ ಕಡಾಣಿ ಮಾಡಿಕೊಟ್ಟ. ಚೌಡಕ್ಕ ಅದನ್ನು ಬಿಲದೊಳಗೆ ಮರಿಗಳು ಮಲಗುವ ಎಲೆಗಳ ಕೆಳಗೆ ಬಚ್ಚಿಟ್ಟಳು. ಹೊರಗೆ ಬಂದಾಗ ಮೊದಲಿನ ಹಾಗೆ ಹಳೆಯ ಕಡಾಣಿಯನ್ನೇ ಕಚ್ಚಿಕೊಂಡಳು.

ಮರುದಿನ ಮಧ್ಯಾಹ್ನ ಮೋಡ ಕಟ್ಟಿತು. ಸಂಜೆಗೆ ಮಳೆ ಬರಬಹುದು, ಅಷ್ಟರೊಳಗೆ ಹೊರಡೋಣ ಎಂದುಕೊಂಡು ಎಲ್ಲರೂ ಒಂದು ಗಳಿಗೆ ಮಲಗಿದರು. ಗಂಧಪ್ಪ ಬಂದ. ಬಿಲದ ಬಾಯಲ್ಲಿ ಚೌಡಕ್ಕ ಕಡಾಣಿ ಕಚ್ಚಿಕೊಂಡೇ ಕಣ್ಣು ಮುಚ್ಚಿದ್ದಳು. ಅವನಿಗೆ ನಗು ಬಂತು. ತಾನು ಕೆತ್ತಿ ತಂದಿದ್ದ ಕಡಾಣಿಯನ್ನು ಅಚ್ಚಿಗೆ ಸಿಕ್ಕಿಸಿದ. ಸಲೀಸಾಗಿ ಹೋಯಿತು. ತನ್ನ ಕೆಲಸ ಇಷ್ಟು ನಯವಾಗಿದೆಯಲ್ಲ ಎಂದು ಅವನಿಗೇ ಹೆಮ್ಮೆಯಾಯಿತು. ಗಾಡಿ ಎಳೆಯುವ ಮುಂದಿನ ಮರ, ಮೂಕಿಗೆ ಒಮ್ಮೆ ಮೈ ಉಜ್ಜಿ, ಗಾಡಿ ಎಳೆದುಕೊಂಡು ಹೊರಟ.

ಚೌಡಕ್ಕ ಮಲಗಿರಲಿಲ್ಲ. ಹತ್ತು ಹೆಜ್ಜೆಗೆ ಗಾಲಿ ಬೀಳುತ್ತದೆ ಎಂದು ಕಾದಳು. ಬೀಳಲಿಲ್ಲ. ಐವತ್ತು ಹೆಜ್ಜೆಗೂ ಬೀಳಲಿಲ್ಲ. ಗಾಲಿಯ ಸದ್ದು ದೂರವಾಗುತ್ತ ಹೋಯಿತು. ಗುಡುಗಿತು. ಅವಳು ಒಳಗಿದ್ದ ನಾಲ್ಕು ಮರಿಗಳ ಕಡೆ ಒಮ್ಮೆ ತಿರುಗಿ ನೋಡಿ, ಬಾಯಲ್ಲಿದ್ದದ್ದನ್ನು ಉಗುಳಿ, "ಆಚಾರೀ! ತಿಪ್ಪೇಶೀ! ನನ್ನ ಗಾಡಿ!" ಎಂದು ಕೂಗಿದಳು. ಚೌಡಕ್ಕನಿಗೆ ಅಷ್ಟು ದೊಡ್ಡ ಗಂಟಲು ಇದೆ ಎಂದು ಕಾಡಿಗೆ ಅವತ್ತೇ ಗೊತ್ತಾದದ್ದು.

ಗಂಧಪ್ಪ ಆಗ ಕೊರಕಲಿನ ಇಳಿಜಾರಿಗೆ ಬಂದಿದ್ದ. ಕೂಗು ಕೇಳಿ ಓಡಿದ. ಗಾಡಿ ಕುಲುಕಿತು. ಇದ್ದಕ್ಕಿದ್ದಂತೆ ತನ್ನ ಪಕ್ಕದಲ್ಲೇ ಒಂದು ಗಾಲಿ ಮುಂದೆ ಉರುಳಿ ಹೋಗುವುದು ಅವನಿಗೆ ಕಂಡಿತು. ಯಾರದಿರಬಹುದು ಎಂದುಕೊಂಡ. ಅಷ್ಟರಲ್ಲಿ ಗಾಡಿ ಮಗುಚಿ ಅವನ ಹಿಂಗಾಲಿನ ಮೇಲೆ ಬಿತ್ತು.

ಗಾಲಿ ಮಾತ್ರ ನಿಲ್ಲಲಿಲ್ಲ. ಉರುಳುತ್ತ ಹೋಗಿ ಕೊರಕಲಿನ ತಳದ ಪೊದೆಗೆ ಢಣ್ ಎಂದು ಬಡಿಯಿತು. ಓಡಿ ಬಂದ ತಿಪ್ಪೇಶಿ ಪೊದೆ ಸರಿಸಿ ನೋಡಿದ. ಒಳಗೆ ಎರಡು ಗಾಡಿಗಳಿದ್ದವು. ಒಂದು ಅವನದು. ಇನ್ನೊಂದು ಮುಂಗುಸಿಯದು.

"ಕಳ್ಳನ ಹತ್ತಿರ ಬಿಡಿಸಿಕೊಂಡು ಬರ್ತಾ ಇದ್ದೆ" ಎಂದ ಗಂಧಪ್ಪ, ಗಾಡಿಯ ಅಡಿಯಿಂದ. "ಚೌಡಕ್ಕನಿಗೆ ಕೊಡೋಣ ಅಂತ."

"ಚೌಡಕ್ಕನ ಮನೆ ಆ ಕಡೆ" ಎಂದ ಆಚಾರಿ.

ತಿಪ್ಪೇಶಿ ಮೂರೂ ಗಾಡಿಗಳ ಮೂಕಿಯನ್ನು ಒಂದೊಂದಾಗಿ ಮೂಸಿದ. "ಮಹಾರಾಯ! ಕದ್ದದ್ದು ಸಾಲದು ಅಂತ ರುಜು ಬೇರೆ ಹಾಕಿದ್ದೀಯಲ್ಲ!"

ಎಲ್ಲರೂ ನಕ್ಕರು. ಆಚಾರಿ ಗಾಡಿ ಎತ್ತಿಸಿ ಗಂಧಪ್ಪನನ್ನು ಬಿಡಿಸಿದ. ಚೌಡಕ್ಕ ಗಾಲಿ ಸೇರಿಸಿ, ಬಿಲದಿಂದ ತಂದ ದಪ್ಪ ಕಡಾಣಿ ಹೊಡೆದು, ಗಾಡಿಯನ್ನು ಬಿಲದ ಹತ್ತಿರ ಒಯ್ದು ಮರಿಗಳನ್ನು ಕೂರಿಸಿದಳು.

ದಪ್ಪ ಹನಿಗಳು ಬೀಳತೊಡಗಿದವು. ತಿಪ್ಪೇಶಿ ಹೊರಟ. ಮುಂಗುಸಿ ಹೊರಟಿತು. ಆಚಾರಿ ಹಾರಿ ಹೋದ. ಎಲ್ಲರಿಗಿಂತ ಹಿಂದೆ ಚೌಡಕ್ಕನ ಗಾಡಿ ಇತ್ತು. ಗಂಧಪ್ಪ ಊದಿದ ಕಾಲು ಎಳೆದುಕೊಂಡು ದಾರಿಯ ಪಕ್ಕಕ್ಕೆ ಬಂದು ನಿಂತ. ಹಳ್ಳದ ನೀರು ಆಗಲೇ ಕೆಂಪಾಗಿತ್ತು.

"ಚೌಡಕ್ಕ, ಮರಿಗಳ ಪಕ್ಕ ಒಂಚೂರು ಜಾಗ ಇದೆಯಲ್ಲ. ಗುಡ್ಡದ ತನಕ ನನ್ನನ್ನೂ ಹತ್ತಿಸಿಕೊಳ್ತೀಯಾ?"

ನೀತಿ: ಕೀಲಿ ಒಮ್ಮೆ ಬೇರೆಯವರ ಕೈಗೆ ಹೋಗಿ ಬಂದರೆ ಬೀಗವನ್ನೇ ಬದಲಾಯಿಸಬೇಕು. ಇನ್ನೊಬ್ಬರ ವಾಹನ ಕದ್ದವನಿಗೆ, ತನಗೆ ಬೇಕಾದ ದಿನ ಯಾವುದಾದರೂ ವಾಹನ ನಿಲ್ಲುತ್ತದೆಂಬ ಭರವಸೆ ಇರುವುದಿಲ್ಲ.