ಹೆಬ್ಬಾರರು ಹಡಗು ಆರಿಸಿದ್ದು

ಇಂಗ್ಲೆಂಡಿನ ಒಂದು ಹಡಗು ಟಿಕೆಟ್ ಆಫೀಸಿನಲ್ಲಿ ಧಾರವಾಡದ ಕಡೆಯ ಹೆಂಗಸೊಬ್ಬಳು ಕ್ಲರ್ಕ್ ಆಗಿದ್ದಳು. ಒಂದು ಬೆಳಿಗ್ಗೆ ಡಾಕ್ಟರ್ ತ್ರಿವಿಕ್ರಮ ಹೆಬ್ಬಾರರು ಹೆಂಡತಿ ವಾರಿಜಾರ ಜತೆ ಬಂದರು. ಹೊರಗೆ ಅವರ ಮೋಟಾರ್‌ಹೋಮ್ ನಿಂತಿತ್ತು. ಒಲೆ, ಮಂಚ ಎಲ್ಲ ಇರುವ, ಬಸ್ಸಿನಷ್ಟು ದೊಡ್ಡ ಗಾಡಿ.

"ಸ್ಪೇನಿಗೆ ಹೋಗಬೇಕು. ಒಂದೂವರೆ ಗಂಟೆಯಲ್ಲಿ ಫ್ರಾನ್ಸಿಗೆ ದಾಟಿಸುವ ಹಡಗು ಸಾಕು. ಅಲ್ಲಿಂದ ಸಾವಿರ ಕಿಲೋಮೀಟರ್ ರಸ್ತೆ, ಏನು ಮಹಾ! ನೇರ ಸ್ಪೇನಿಗೇ ಹೋಗುವ ಹಡಗಿನಲ್ಲಿ ದಿನವಿಡೀ ಮಲಗಿರುವುದು ಸೋಮಾರಿಗಳ ಕೆಲಸ. ಬೇಗ ಬರಿಯಮ್ಮ," ಎಂದರು ಡಾಕ್ಟರು.

ವಾರಿಜಾ ಒಂದು ಕೈಯಲ್ಲಿ ಗಾಡಿಯ ಕೀ ಹಿಡಿದು, ಇನ್ನೊಂದರಲ್ಲಿ ತಮ್ಮ ಭುಜ ಒತ್ತಿಕೊಳ್ಳುತ್ತಿದ್ದರು. ಕ್ಲರ್ಕ್ ಅದನ್ನು ನೋಡಿ ಡಾಕ್ಟರ ಕಡೆ ತಿರುಗಿದಳು.

"ಯಜಮಾನ್ರು ಹೇಳಿದ್ಮ್ಯಾಲೆ ಮುಗೀತ್ರಿ. ಡ್ರೈವರ್ ಅಂತ ನಿಮ್ಮ ಹೆಸರ ಬರಕೋತೀನ್ರಿ."

"ಬರಿ, ಬರಿ. ಎಲ್ಲ ನನ್ನ ಹೆಸರಿನಲ್ಲೇ ಇರಲಿ."

"ಹಡಗಿನ್ಯಾಗ ಎರಡು ಲಾರಿ ನಡುವ ರಿವರ್ಸ್ ತಗೊಂಡು ನಿಲ್ಲಸ್ರಿ ಅಂತಾರ. ಅದನ್ನ ನೀವ ಮಾಡಬೇಕಾಗ್ತದ್ರಿ."

ಡಾಕ್ಟರು ಕಿಟಕಿಯಾಚೆ ನೋಡಿದರು. ಗಾಡಿ ಇದ್ದಕ್ಕಿದ್ದಂತೆ ಇನ್ನೂ ಉದ್ದವಾಗಿ ಕಂಡಿತು.

"ಓಡಿಸೋದು ಇವಳು," ಎಂದರು ಮೆಲ್ಲಗೆ. "ನಾನು ಪಕ್ಕದಲ್ಲಿ ಕೂತು ದಾರಿ ಹೇಳೋದು."

ಕ್ಲರ್ಕ್ ಫಾರ್ಮನ್ನೂ ಪೆನ್ನನ್ನೂ ವಾರಿಜಾರ ಮುಂದೆ ಸರಿಸಿದಳು. "ಹಂಗಾದ್ರ ಅಕ್ಕಾರ, ಯಾವ ಹಡಗು ಅಂತ ನೀವ ಹೇಳ್ರಿ."

ವಾರಿಜಾ ಗಾಡಿಯ ಕೀ ಕೆಳಗಿಟ್ಟು ಪೆನ್ನು ತೆಗೆದುಕೊಂಡರು. ನೇರ ಸ್ಪೇನಿಗೆ ಹೋಗುವ ಹಡಗಿಗೆ ಗುರುತು ಹಾಕಿದರು.

"ಅಷ್ಟು ಹೊತ್ತು ಹಡಗಿನಲ್ಲಿ ಕೂತು ನಾನೇನು ಮಾಡಲಿ?" ಎಂದರು ಡಾಕ್ಟರು.

"ನನ್ನ ಭುಜ ಒತ್ತಿ," ಎಂದರು ವಾರಿಜಾ. "ಎಲ್ಲಿ ಒತ್ತಬೇಕು ಅಂತ ನಾನು ಪಕ್ಕದಲ್ಲಿ ಕೂತು ದಾರಿ ಹೇಳ್ತೇನೆ."